ಉರಿಯದ ಹನ್ನೊಂದು ಯೂನಿಟ್

ಗೆರೆ ಏರುತ್ತಲೇ ಇತ್ತು. ಹನ್ನೆರಡು ತ್ರೈಮಾಸಿಕಗಳ ಹನ್ನೆರಡು ಚುಕ್ಕೆಗಳನ್ನು ಕೂಡಿಸಿ ವೈಜಯಂತಿ ತನ್ನ ಕೈಯಾರೆ ಎಳೆದ ಹಸಿರು ಗೆರೆ, ಪೈಪಿನಲ್ಲಿ ಗ್ಯಾಸ್ ಹಾಯಿಸುವ ಪಡುವಣ ಗ್ಯಾಸ್ ಕಂಪನಿಯ ಕಾರವಾರ ವಿಭಾಗದ ಮನೆಬಳಕೆಯ ಆದಾಯದ ಗೆರೆ, ಪರದೆಯ ಎಡಮೂಲೆಯಿಂದ ಬಲಮೂಲೆಯವರೆಗೆ ಎಲ್ಲೂ ನಿಂತು ಉಸಿರು ತೆಗೆದುಕೊಳ್ಳದೆ ಏರಿತ್ತು. ಅದರ ಕೆಳಗೆ ಇನ್ನೆರಡು ಗೆರೆಗಳಿದ್ದವು. ಮೀನಿನ ಪುಡಿ ಮಾಡುವ ಕಾರ್ಖಾನೆಗಳದ್ದು ಕೆಂಪು, ದೇವಬಾಗದ ರೆಸಾರ್ಟು ಮತ್ತು ಪೇಟೆಯ ಹೋಟೆಲುಗಳದ್ದು ನೀಲಿ. ಮಳೆ ಹಿಡಿದು ದೋಣಿಗಳು ದಡ ಸೇರಿದ ಕೂಡಲೇ ಅವೆರಡೂ ಪ್ರತಿವರ್ಷ ಮುಗ್ಗರಿಸುತ್ತಿದ್ದವು, ದೀಪಾವಳಿಯ ಹೊತ್ತಿಗೆ ಮೊಣಕಾಲು ಒರೆಸಿಕೊಂಡು ಏಳುತ್ತಿದ್ದವು. ಹಸಿರಿಗೆ ಮಾತ್ರ ಮಳೆಯೂ ಇಲ್ಲ, ಬಿಸಿಲೂ ಇಲ್ಲ. ಷೇರುಪೇಟೆಯ ಜನ ಮೆಚ್ಚಿದ್ದು ಅದನ್ನೇ. ಹೋದ ವಾರ ಫಲಿತಾಂಶ ಪ್ರಕಟವಾದ ದಿನ ಕಂಪನಿಯ ಷೇರು ಏರಿತೆಂದು ಮ್ಯಾನೇಜರ್ ಗುರುಪ್ರಸಾದ ಎಲ್ಲರಿಗೂ ಪೇಡಾ ಹಂಚಿದ್ದ. ಇವತ್ತು ಹನ್ನೊಂದು ಗಂಟೆಗೆ ಷೇರು ಕೊಂಡ ದೊಡ್ಡ ಸಂಸ್ಥೆಯೊಂದರ ಮೂವರು ಈ ಗೆರೆಯನ್ನು ನೋಡಲು ಬರುವವರಿದ್ದರು. ಬೇರೆ ದಿನವಾಗಿದ್ದರೆ ವೈಜಯಂತಿ ಇಸ್ತ್ರಿ ಮಾಡಿದ ಸೀರೆ ಉಟ್ಟು ಒಳಗೊಳಗೇ ಬೀಗುತ್ತಿದ್ದಳು. ಇವತ್ತು ಅವಳು ಕಣ್ಣು ತಪ್ಪಿಸುತ್ತಿದ್ದದ್ದು ಆ ಕೊನೆಯ ಚುಕ್ಕೆಯಿಂದ. ಅದರೊಳಗೆ ಹನ್ನೊಂದು ಯೂನಿಟ್ ಸುಳ್ಳು ಇದೆಯೆಂದು, ಆ ಹನ್ನೊಂದು ಯೂನಿಟ್ ಒಬ್ಬ ಹೆಣ್ಣನ್ನು ಮನೆಯಿಂದ ಹೊರಗೆ ಹಾಕಿಸಿತೆಂದು ಅವಳಿಗೆ ಗೊತ್ತಾಗಿ ಒಂದು ತಾಸೂ ಆಗಿರಲಿಲ್ಲ.

ಹೇಳಿದವನು ತುಳಸಿದಾಸ. ಅಂಕೋಲೆಯ ಕಡೆ ಮನೆಮನೆಗೆ ಹೋಗಿ ಮೀಟರ್ ಓದುವವನು, ಬೆಳಿಗ್ಗೆ ಗೇಟಿನ ಹತ್ತಿರ ಹೆಲ್ಮೆಟ್ಟನ್ನು ಎದೆಗೆ ಅವುಚಿಕೊಂಡು ಕಾಯುತ್ತಿದ್ದ.

"ಬಾಯೋರೆ, ಒಂದು ಮಾತು ಅದೆ. ಮಂಜಗುಣಿ ಗಂಗೂಬಾಯಿ ಮಗ ಜಟ್ಟ, ಮಳೆಗಾಲದ ಮೀನುಗಾರಿಕೆ ಬಂದಿ ಮುಗ್ದ ಮರುದಿನವೇ ಸಮುದ್ರಕ್ಕೆ ಹೋದಂವ, ಬರ್ಲೇ ಇಲ್ಲ ನೋಡಿ. ಆ ಮನೆಗೆ ಹನ್ನೊಂದು ಯೂನಿಟ್ ಬಿಲ್ಲು ಹೋಯ್ತು. ಒಲೆ ಹೊತ್ಸದ ಮನೇಲಿ ಹನ್ನೊಂದು ಯೂನಿಟ್ ಸುಟ್ಟವರು ಯಾರು ಅಂತ ಸೊಸೆ ಮೇಲೆ ಬಂದದೆ. ಕಟ್ಟಿಗೆ ಒಲೆ ಆದ್ರೆ ಹೊಗೆ ಕಾಣ್ತಿತ್ತು, ಗ್ಯಾಸಿಗೆ ಹೊಗೆ ಎಲ್ಲಿ, ಕದ್ದು ಬೇಯ್ಸಕಂಡು ತಿಂದದೆ, ಅದಕ್ಕೇ ಅಂವನ ಹೆಣನೂ ಸಿಗ್ಲಿಲ್ಲ ಅಂದ್ರಂತೆ. ಆ ಸೊಸೆ ಪ್ರೀತಿನ ಕದ್ವಾಡಕ್ಕೆ, ತವರಿಗೆ ಕಳ್ಸಿ ಇಪ್ಪತ್ತು ದಿನ ಆಯ್ತು."

"ನೀನು ಮೀಟರ್ ನೋಡ್ಲಿಲ್ವಾ?"

"ಅಂಥ ಮನೆ ಹಿತ್ತಲಿಗೆ ಮೀಟರ್ ನೋಡೂಕೆ ಬಂದೆ ಅಂತ ಹ್ಯಾಂಗೆ ಹೋಗೂದ್ರಾ? ಬಾಗಿಲು ಮುಚ್ಚಿದೆ ಅಂತ ಬರ್ದು ಬಂದೆ."

ಅವನನ್ನು ಬೈಯಲು ವೈಜಯಂತಿಗೆ ಬಾಯಿ ಬರಲಿಲ್ಲ. ತಾನಾಗಿದ್ದರೂ ಹಾಗೇ ಬರೆಯುತ್ತಿದ್ದಳು. ಅವಳೂ ಆ ದಡದವಳೇ. ಸಮುದ್ರದಲ್ಲಿ ಕಾಣೆಯಾದವನ ಮನೆಯಲ್ಲಿ ಹೆಣ ದಡಕ್ಕೆ ಬರುವವರೆಗೆ, ಬಾರದಿದ್ದರೆ ಎರಡು ಹುಣ್ಣಿಮೆ ಕಳೆಯುವವರೆಗೆ, ಒಲೆ ಹೊತ್ತಿಸುವುದಿಲ್ಲ. ನೆರೆಯವರು ಗಂಜಿ ತಂದು ಜಗಲಿಯ ಮೇಲಿಟ್ಟು ಮಾತಾಡದೆ ಹೋಗುತ್ತಾರೆ. ಒಲೆ ಹೊತ್ತಿತೆಂದರೆ ಇವರು ಕಾಯುವುದನ್ನು ಬಿಟ್ಟರೆಂದು ಸಮುದ್ರಕ್ಕೆ ತಿಳಿಯುತ್ತದಂತೆ, ಆಮೇಲೆ ಅದು ಹೆಣವನ್ನೂ ಬಿಟ್ಟುಕೊಡುವುದಿಲ್ಲವಂತೆ. ಇದನ್ನೆಲ್ಲ ತಿಳಿದ ಕೈಯೇ ಸೆಪ್ಟೆಂಬರಿನ ಕೊನೆಯ ವಾರದ ಒಂದು ಮಧ್ಯಾಹ್ನ, ಡಬ್ಬಿಯ ಊಟ ಮುಗಿಸಿ ಇನ್ನೂ ಬೆರಳಿನಲ್ಲಿ ಸಾರಿನ ವಾಸನೆ ಇರುವಾಗ, ನಾನೂರ ಹನ್ನೆರಡು ಮನೆಗಳ ಪಟ್ಟಿಯನ್ನು ತೆರೆದಿತ್ತು. ನಾನೂರ ಹನ್ನೆರಡರ ಎದುರೂ 'ಬಾಗಿಲು ಮುಚ್ಚಿದೆ'. ಇನ್ನೊಮ್ಮೆ ಹೋಗಿ ನೋಡಿಸೋಣವೇ ಎಂದು ಅವಳು ಕೇಳಿದ್ದು ಹೌದು. "ಒಂದೇ ಸಲಕ್ಕೆ ಹಿಂದಿನ ಬಿಲ್ಲುಗಳ ಸರಾಸರಿ ಹಾಕಿಬಿಡಿ, ಗೆರೆ ಕೆಳಗೆ ಬಂದ್ರೆ ಮೇಲಿನವರಿಗೆ ಯಾರು ಉತ್ತರ ಕೊಡೂದು?" ಎಂದಿದ್ದ ಗುರುಪ್ರಸಾದ. ಮೊದಲೆಲ್ಲ ಅಂಥ ಬಿಲ್ಲಿನ ಮೇಲೆ 'ಸರಾಸರಿ' ಎಂದು ಸಣ್ಣಕ್ಷರದಲ್ಲಿ ಬರುತ್ತಿತ್ತು. ಜನ ಜಗಳಕ್ಕೆ ಬರುತ್ತಾರೆಂದು ಅದನ್ನೂ ತೆಗೆಸಿದವನು ಅವನೇ. ಅವಳು ಗುಂಡಿ ಒತ್ತಿದಳು, ಅಷ್ಟೆ. ಒತ್ತಿ ಕೈತೊಳೆಯಲು ಎದ್ದಳು. ಪಟ್ಟಿಯಲ್ಲಿ ಯಾರ ಮನೆ ಇದೆ ಎಂದು ನೋಡಲಿಲ್ಲ. ನೋಡಬೇಕಿತ್ತು ಎಂದು ಆಗ ಅನ್ನಿಸಿರಲೂ ಇಲ್ಲ, ಅದೇ ಈಗ ಕುತ್ತಿಗೆಗೆ ಬಂದು ಕೂತಿದ್ದು.

ಗುರುಪ್ರಸಾದ ಒಂದು ಹಾಳೆ ಹಿಡಿದುಕೊಂಡು ಬಂದ. ಕುಮಟೆಯ ಕಡೆಯವನು, ಅವಳಿಗಿಂತ ಹನ್ನೆರಡು ವರ್ಷ ಚಿಕ್ಕವನು, ಕೆಟ್ಟವನೇನೂ ಅಲ್ಲ. ಅವಳ ಮೊಣಕಾಲು ನೋವಿದ್ದಾಗ ತನ್ನ ಗಾಡಿಯಲ್ಲೇ ಮನೆಗೆ ಬಿಟ್ಟವನು. ಕೆಟ್ಟವನಾಗಿದ್ದರೆ ಎಷ್ಟು ಸುಲಭವಿತ್ತು. ಹಾಳೆಯಲ್ಲಿ ಎರಡೇ ಸಾಲು: ಈ ತ್ರೈಮಾಸಿಕದ ಮನೆಬಳಕೆಯ ರೀಡಿಂಗುಗಳೆಲ್ಲ ಮೀಟರ್ ನೋಡಿ ಬರೆದವು, ಸತ್ಯವಾದವು. ಕೆಳಗೆ ಅವಳ ಹೆಸರು ಅಚ್ಚಾಗಿತ್ತು.

"ಲೆಕ್ಕ ತಪಾಸಣೆಯವರು ಕೇಳ್ತಾ ಇದ್ದಾರೆ. ಒಂದು ಸಹಿ ಹಾಕಿ ಕೊಡಿ ಮೇಡಂ, ಆಮೇಲೆ ಚಹಾಕ್ಕೆ ಹೇಳಿ ಬನ್ನಿ. ಅವರು ಈಗ ಬಂದ್ರು."

ಅವಳು ಮಂಜಗುಣಿಯ ವಿಷಯ ಹೇಳಿದಳು. ನಿಂತೇ ಹೇಳಿದಳು. ಅವನು ಕೈಗಡಿಯಾರ ನೋಡಿಕೊಳ್ಳುತ್ತ ಕೇಳಿದ.

"ಪಾಪ. ಆದ್ರೆ ಅದರಲ್ಲಿ ಕಂಪನಿ ತಪ್ಪೇನು? ಮುಂದಿನ ಸಲ ಮೀಟರ್ ಓದಿದಾಗ ಹೆಚ್ಚು ಕಟ್ಟಿದ ದುಡ್ಡು ಜಮಾ ಆಗ್ತದೆ. ಆರುನೂರು ರೂಪಾಯಿ ಮಾತು."

"ದುಡ್ಡು ಜಮಾ ಆಗ್ತದೆ ಸರ್. ಆ ಹುಡುಗಿ?"

"ಅವರ ಮನೆ ಜಗಳಕ್ಕೆ ನಾವು ಹೋಗೂಕಾಗ್ತದಾ?" ಎಂದು ಅವನು ಹಾಳೆಯನ್ನು ಅವಳ ಕೀಬೋರ್ಡಿನ ಮೇಲಿಟ್ಟು, ಅದು ಹಾರದಂತೆ ಅವಳದೇ ನೀರಿನ ಬಾಟಲಿಯನ್ನು ಮೇಲಿಟ್ಟು ಹೋದ.

ಬಂದವರು ಮೂವರು. ಇಬ್ಬರು ಗಂಡಸರಿಗೆ ಕನ್ನಡ ಬರುತ್ತಿರಲಿಲ್ಲ. ಹೆಂಗಸು ಬೆಂಗಳೂರಿನವಳು, ಕಿಟಕಿಯಿಂದ ಸಮುದ್ರ ಕಂಡ ಕೂಡಲೇ ಫೋನು ತೆಗೆದು ಫೋಟೋ ಹೊಡೆದುಕೊಂಡಳು. ವೈಜಯಂತಿಯನ್ನು ಯಾರೂ ಪರಿಚಯಿಸಲಿಲ್ಲ. ಗೆರೆ ಎಳೆದವಳು ಅವಳು, ಹನ್ನೆರಡು ತ್ರೈಮಾಸಿಕಗಳ ಒಂದೊಂದು ಅಂಕಿಯೂ ಅವಳ ಬಾಯಲ್ಲಿದೆ. ಆದರೂ ಒಬ್ಬಾತ ಅವಳ ಕಡೆ ಕಪ್ಪು ಚಾಚಿ ಸಕ್ಕರೆ ಇಲ್ಲದ್ದು ಬೇಕೆಂದು ಕೈಸನ್ನೆ ಮಾಡಿದ. ಅವಳು ತಂದುಕೊಟ್ಟಳು. ತಂದುಕೊಡುವಾಗ ತಟ್ಟೆಯಲ್ಲಿ ಚಹಾ ಚೆಲ್ಲದಂತೆ ಎಷ್ಟು ಜೋಪಾನ ಮಾಡಿದೆನಲ್ಲ ಎಂದು ಆಮೇಲೆ ನಾಚಿಕೆಯಾಯಿತು. ಗುರುಪ್ರಸಾದ ಗೋಡೆಯ ಮೇಲೆ ಬಿದ್ದ ಹಸಿರು ಗೆರೆಯನ್ನು ಬೆರಳಿನಿಂದ ಸವರುತ್ತ ಹೇಳುತ್ತಿದ್ದ, ಕಾರ್ಖಾನೆ ನಿಲ್ಲಬಹುದು, ರೆಸಾರ್ಟು ಮುಚ್ಚಬಹುದು, ಮನೆಯ ಒಲೆ ನಿಲ್ಲುವುದಿಲ್ಲ, ಅದೇ ನಮ್ಮ ಬಲ. ಮನೆಯ ಒಲೆ ನಿಲ್ಲುವುದಿಲ್ಲ. ಬಾಗಿಲ ಬಳಿ ಗೋಡೆಗೆ ಒರಗಿ ನಿಂತ ವೈಜಯಂತಿಗೆ ಆ ಮಾತು ಕಿವಿಯಲ್ಲಿ ಸಿಕ್ಕಿಕೊಂಡು ಮುಂದಿನದೇನೂ ಕೇಳಿಸಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವಳು ತನ್ನ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಆಗಲೇ ಬೆಂಗಳೂರಿನವಳು ತಿರುಗಿ ಕನ್ನಡದಲ್ಲಿ ಕೇಳಿದ್ದು.

"ನೀವು ಇಲ್ಲಿಯವರೇ ಅಲ್ವಾ? ನಂಗೆ ಏನನ್ನಿಸ್ತು ಅಂದ್ರೆ, ಮಳೆಗಾಲದಲ್ಲಿ ಮೀನುಗಾರರು ಮನೇಲೇ ಇರ್ತಾರೆ. ಎಲ್ರೂ ಮನೇಲಿದ್ರೆ ಅಡುಗೆ ಜಾಸ್ತಿ. ಅದಕ್ಕೇ ಇದು ಏರಿದೆ, ಅಲ್ವಾ?"

ಗುರುಪ್ರಸಾದ ನಕ್ಕು ತಲೆದೂಗಿದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಇವರು, ಓದಿದವರು. ಒಂದು ಸುಳ್ಳಂಕಿಗೆ ಎಷ್ಟು ಚೆಂದದ ಕಾರಣ ಹುಡುಕಿದಳು. ಮಂಜಗುಣಿಯಲ್ಲಿ ಅದೇ ಅಂಕಿಗೆ ಬೇರೆ ಕಾರಣ ಹುಡುಕಿದ್ದರು, ಅಷ್ಟೇ ಸಲೀಸಾಗಿ. ವೈಜಯಂತಿಗೆ ಸಿಟ್ಟು ಕಾಲಿನಿಂದ ಏರಿತು. ಹೆದರಿಕೆ ಎಲ್ಲಿ ಹೋಯಿತೋ ತಿಳಿಯಲಿಲ್ಲ.

"ಮಳೆಗಾಲದಲ್ಲಿ ನಮ್ಮವರ ಕೈಯಲ್ಲಿ ದುಡ್ಡಿರೂದಿಲ್ಲ ಮೇಡಂ. ದುಡ್ಡಿಲ್ಲದ ಮನೇಲಿ ಅಡುಗೆ ಜಾಸ್ತಿ ಹ್ಯಾಂಗೆ ಆಗ್ತದೆ?" ಎಂದಳು. ಗೋಡೆ ಬಿಟ್ಟು ಮುಂದೆ ಬಂದಳು. "ಈ ಗೆರೆ ಏರಿದ್ದು ದರ ಏರ್ಸಿದ್ದಕ್ಕೆ. ಎರಡು ಸಲ ಏರ್ಸಿದ್ದೇವೆ. ಗ್ಯಾಸು ಉರಿದದ್ದು ಕಮ್ಮಿಯೇ ಆಗ್ತಾ ಬಂದದೆ. ಈ ಕೊನೇ ಚುಕ್ಕೆಯಲ್ಲಿ ನಾನೂರ ಹನ್ನೆರಡು ಮನೆ ಮೀಟರ್ ಯಾರೂ ನೋಡ್ಲೇ ಇಲ್ಲ. ಕೂತ ಜಾಗದಲ್ಲೇ ಅಂದಾಜು ಹಾಕಿದ್ದು. ಹಾಕಿದವಳು ನಾನು."

ಬೆಂಗಳೂರಿನವಳು ಉಳಿದಿಬ್ಬರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದಳು. ಸಕ್ಕರೆ ಬೇಡದವನು ಕಪ್ಪು ಕೆಳಗಿಟ್ಟು ಮೊದಲ ಸಲ ವೈಜಯಂತಿಯ ಮುಖ ನೋಡಿದ. ಗುರುಪ್ರಸಾದನ ಕಿವಿ ಕೆಂಪಗಾಗಿತ್ತು. ಅವನು ಅವಳನ್ನು ಹೊರಗಿನ ಪಡಸಾಲೆಗೆ ಕರೆದುಕೊಂಡು ಬಂದು, ಕೂಗಲಾರದೆ, ಹಲ್ಲು ಕಚ್ಚಿ ಮಾತಾಡಿದ.

"ನಿಮಗೆ ತಲೆ ಸರಿ ಉಂಟಾ? ನನಗೂ ಹೆಂಡತಿ ಮಕ್ಕಳಿದ್ದಾರೆ. ನಾಳೆಯಿಂದ ಬರೂದು ಬೇಡ ನೀವು."

"ಬರ್ತೆ ಸರ್. ಕುರ್ಚಿ ತೆಗ್ದಿಟ್ರೆ ನಿಂತು ಕೆಲ್ಸ ಮಾಡ್ತೆ. ಬರ್ಬ್ಯಾಡ ಅನ್ನೂದನ್ನ ಬರ್ದು ಕೊಡಿ, ಎಂತಕೆ ಅಂತಲೂ ಬರೀರಿ."

ಅವಳು ತನ್ನ ಮೇಜಿಗೆ ಹೋಗಿ ಬಾಟಲಿ ಸರಿಸಿ ಹಾಳೆ ಎತ್ತಿಕೊಂಡಳು. ಅಚ್ಚಾದ ಎರಡು ಸಾಲುಗಳ ಮೇಲೆ ಗೀಟು ಎಳೆದು, ಕೆಳಗೆ ಕೈಯಲ್ಲಿ ಬರೆದಳು: ನಾನೂರ ಹನ್ನೆರಡು ರೀಡಿಂಗುಗಳು ಮೀಟರ್ ನೋಡಿ ಬರೆದವಲ್ಲ. ಮಂಜಗುಣಿಯ ಗಂಗೂ ಅವರ ಮನೆಯ ಹನ್ನೊಂದು ಯೂನಿಟ್ ಕೂಡ ಅದರಲ್ಲಿದೆ. ಸಹಿ ಹಾಕಿದಳು, ಕಂಪನಿಯ ಮೊಹರು ಒತ್ತಿದಳು. ಝೆರಾಕ್ಸ್ ತೆಗೆದು ಒಂದು ಪ್ರತಿಯನ್ನು ಗುರುಪ್ರಸಾದನ ಮೇಜಿನ ಮೇಲಿಟ್ಟು, ಇನ್ನೊಂದನ್ನು ಬ್ಯಾಗಿಗೆ ಹಾಕಿ ಬಸ್‌ಸ್ಟ್ಯಾಂಡಿಗೆ ನಡೆದಳು.

ಅಂಕೋಲೆಯ ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಿತು. ಮೈ ಹಗುರವಾದಂತಿತ್ತು, ಆ ಹಗುರವನ್ನು ನಂಬಬಾರದೆಂದೂ ಅನ್ನಿಸುತ್ತಿತ್ತು. ಏನು ದೊಡ್ಡ ಸಾಧನೆ, ಬೆಂಕಿ ಹಚ್ಚಿದವಳು ಊರಿಗೆಲ್ಲ ಕೇಳುವ ಹಾಗೆ ಬೆಂಕಿ ಬೆಂಕಿ ಎಂದು ಕೂಗಿದಳು, ಅಷ್ಟೇ ತಾನೇ. ಕೆಲಸ ಹೋದರೆ ಮಗಳ ನರ್ಸಿಂಗ್ ಫೀಸು ಎಲ್ಲಿಂದ? ಹೋಗಲಿ. ತನ್ನೂರು ಹಾರವಾಡ ದಾಟುವಾಗ ತೆಂಗಿನ ಮರಗಳ ಸಂದಿಯಲ್ಲಿ ಒಂದು ತುಣುಕು ಸಮುದ್ರ ಕಂಡಿತು, ಅಲ್ಲಿ ಅವಳು ಒಂಬತ್ತು ವರ್ಷದವಳು, ಮಗುಚಿ ಹಾಕಿದ ದೋಣಿಯ ಹಿಂದೆ ಕುಕ್ಕರುಗಾಲಲ್ಲಿ ಕೂತಿದ್ದಾಳೆ. ಸೋದರಮಾವ ದುರ್ಗಪ್ಪ ಸಮುದ್ರಕ್ಕೆ ಹೋಗಿ ಒಂಬತ್ತು ದಿನ. ನೆರೆಯವರ ಗಂಜಿ ತಿಂದು ನಾಲಿಗೆ ಸತ್ತುಹೋಗಿದೆ. ತೆಂಗಿನ ಸಿಪ್ಪೆಗೆ ಬೆಂಕಿ ಹಚ್ಚಿ, ಕದ್ದು ತಂದ ಒಂದು ಒಣ ಬಂಗಡೆಯನ್ನು ಸುಡುತ್ತಿದ್ದಾಳೆ, ಹೊಗೆ ಕಾಣದ ಹಾಗೆ ಲಂಗ ಬೀಸಿ ಬೀಸಿ ಓಡಿಸುತ್ತಿದ್ದಾಳೆ. ಎಷ್ಟು ರುಚಿ ಇತ್ತು ಅದು. ಮಾವ ಬರಲಿಲ್ಲ. ಬಿಕಾಂ ಮಾಡಿದಳು, ಶೇಕಡಾ ಲೆಕ್ಕ, ಏರಿಳಿತದ ಲೆಕ್ಕ ಎಲ್ಲ ಕಲಿತಳು, ಯಾವುದರಿಂದ ಯಾವುದು ಆಗುತ್ತದೆ ಯಾವುದರಿಂದ ಆಗುವುದಿಲ್ಲ ಎಂದು ಬೇರೆಯವರಿಗೆ ವಿವರಿಸುವ ಸಂಬಳ ತಿಂದಳು. ಆದರೂ ಆ ಬಂಗಡೆಯೇ ಮಾವನನ್ನು ತಿಂದಿತು ಎಂಬುದು ಎದೆಯಿಂದ ಇಳಿಯಲಿಲ್ಲ. ಕದ್ದು ಹೊತ್ತಿಸಿದವಳು ಸಂಬಳದ ಕುರ್ಚಿಯಲ್ಲಿ ಕೂತಳು. ಹೊತ್ತಿಸದವಳು ಗಂಟು ಕಟ್ಟಿಕೊಂಡು ಕದ್ವಾಡಕ್ಕೆ ಹೋದಳು. ಕಂಡಕ್ಟರ್ ಅಂಕೋಲೆ ಅಂಕೋಲೆ ಎಂದು ಕೂಗಿದ.

ಮಂಜಗುಣಿಯ ಜಗಲಿಯಲ್ಲಿ ಗಂಗೂ ಹೊಳೆಯಲ್ಲಿ ಹೆಕ್ಕಿ ತಂದು ಬೇಯಿಸಿದ ಬಳಚಿನ ಚಿಪ್ಪು ಬಿಡಿಸುತ್ತ ಕೂತಿದ್ದಳು. ಅರವತ್ತು ದಾಟಿದ ಹೆಂಗಸು, ಮೊಣಕೈ ಮೂಳೆ ಎದ್ದು ಕಾಣುತ್ತಿತ್ತು. ಎರಡು ಹುಣ್ಣಿಮೆ ಕಳೆದ ಮೇಲೂ ಅವಳು ಗ್ಯಾಸು ಮುಟ್ಟಿರಲಿಲ್ಲ, ಅಂಗಳದ ಮೂಲೆಯಲ್ಲಿ ಮೂರು ಕಲ್ಲಿನ ಒಲೆ ಹೊಗೆಯಾಡುತ್ತಿತ್ತು.

"ಯಾರ್ ಮಗಳು ನೀನು?"

"ಹಾರವಾಡದ ಹೀರಾನ ಮಗಳು. ಗ್ಯಾಸ್ ಕಂಪನಿಯಲ್ಲಿ ಕೆಲ್ಸ ಮಾಡ್ತೆ."

"ಬಿಲ್ಲು ಕಟ್ಟಿ ಆಯ್ತು," ಎಂದು ಗಂಗೂ ಮತ್ತೆ ಚಿಪ್ಪಿಗೆ ಕೈಹಾಕಿದಳು.

"ಅದಕ್ಕೇ ಬಂದೆ ಮಾವಶಿ. ಆ ಬಿಲ್ಲು ತಗಂಡು ಒಂದ್ಸಲ ಹಿತ್ತಲಿಗೆ ಬಾ."

ಹಿತ್ತಲ ಗೋಡೆಯ ಮೇಲೆ ಮೀಟರಿನ ಗಾಜಿಗೆ ಜೇಡ ಬಲೆ ಕಟ್ಟಿತ್ತು. ವೈಜಯಂತಿ ಸೆರಗಿನಿಂದ ಒರೆಸಿದಳು. ಓದು ಬರುವುದಿಲ್ಲ ಎಂದಳು ಗಂಗೂ. ನಲವತ್ತು ವರ್ಷ ಮೀನು ಮಾರಿದವಳಿಗೆ ಅಂಕಿ ಬಾರದೇ ಎಂದಳು ಇವಳು. ಗಂಗೂ ಬಗ್ಗಿ, ಬೆರಳನ್ನು ಗಾಜಿಗೆ ಒತ್ತಿ, ಒಂದೊಂದೇ ಅಂಕಿ ಓದಿದಳು: ಎರಡು, ಒಂದು, ನಾಕು. ಆಮೇಲೆ ಬಿಲ್ಲು ಬಿಡಿಸಿದಳು. ಹಿಂದಿನದು, ಜಟ್ಟ ಹೊರಟ ದಿನ ಬೆಳಿಗ್ಗೆ ತುಳಸಿದಾಸ ಓದಿದ್ದು, ಇನ್ನೂರ ಹದಿನಾಲ್ಕು. ಈಗಿನದು ಎಂದು ಅಚ್ಚಾದದ್ದು ಇನ್ನೂರ ಇಪ್ಪತ್ತೈದು. ಗಂಗೂ ಗಾಜು ನೋಡಿದಳು, ಕಾಗದ ನೋಡಿದಳು, ಮತ್ತೆ ಗಾಜು ನೋಡಿದಳು. ಗಾಜಿನೊಳಗಿನ ಅಂಕಿ ಅಲುಗಿರಲೇ ಇಲ್ಲ.

"ಹಂಗಾರೆ ಈ ಹನ್ನೊಂದು ಎಲ್ಲಿಂದ ಬಂತು?"

"ನಾನು ಹಾಕ್ದೆ. ನೋಡ್ದೆ ಹಾಕ್ದೆ."

"ನೀನು ನಮ್ಮೊಳಗಿನ ಹೆಣ್ಣಲ್ದಾ? ಅಂಥ ಮನೇಲಿ ಒಲೆ ಹೊತ್ಸೂದಿಲ್ಲ ಅಂತ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು. ಯಾರ ಮನೆ ಅಂತ ನೋಡ್ಲಿಲ್ಲ."

ಬೈದಿದ್ದರೆ, ಕೆನ್ನೆಗೆ ಒಂದು ಕೊಟ್ಟಿದ್ದರೆ ವೈಜಯಂತಿ ಬದುಕಿಕೊಳ್ಳುತ್ತಿದ್ದಳು. ಗಂಗೂ ಗೋಡೆಗೆ ಕೈ ಊರಿದಳು. "ನಾನು ಅವಳ ಪೆಟ್ಟಿಗೆ ತೆಗ್ದು ಅಂಗಳಕ್ಕೆ ಇಟ್ಟೆ," ಎಂದಳು, ಯಾರಿಗೂ ಅಲ್ಲದ ಹಾಗೆ. "ನನ್ನ ಮಗನ್ನ ನೀನೇ ತಿಂದೆ ಅಂದೆ. ಕೇರಿ ಹೆಂಗಸರೆಲ್ಲ ನಿಂತಿದ್ರು." ಒಲೆಯ ಮೇಲೆ ನೀರು ಸುರಿದಳು, ಕೈ ತೊಳೆದಳು, ಬಾಗಿಲು ಎಳೆದುಕೊಂಡು, ವೈಜಯಂತಿ ಹೊರಗೆ ನಿಲ್ಲಿಸಿ ಬಂದಿದ್ದ ರಿಕ್ಷಾದಲ್ಲಿ ಹೋಗಿ ಕೂತಳು. ಅಂಕೋಲೆಯಿಂದ ಕಾರವಾರದವರೆಗೆ, ಕಾರವಾರದಿಂದ ಕದ್ವಾಡದವರೆಗೆ ಇಬ್ಬರೂ ಬಸ್ಸಿನ ಒಂದೇ ಸೀಟಿನಲ್ಲಿ ಕೂತು ಹೋದರು. ವೈಜಯಂತಿಯ ಫೋನು ಏಳು ಸಲ ಹೊಡೆದುಕೊಂಡಿತು. ಏಳೂ ಸಲ ಗುರುಪ್ರಸಾದ. ಅವಳು ಎತ್ತಲಿಲ್ಲ.

ಪ್ರೀತಿ ಅಣ್ಣನ ಮನೆಯ ಮೆಟ್ಟಿಲ ಮೇಲೆ ಹರಿವೆ ಸೊಪ್ಪು ಬಿಡಿಸುತ್ತಿದ್ದಳು. ಇಪ್ಪತ್ತಾರು ಇಪ್ಪತ್ತೇಳರ ಹುಡುಗಿ. ಅತ್ತೆಯನ್ನು ಕಂಡು ಏಳಲಿಲ್ಲ, ಕೂತುಕೋ ಎನ್ನಲಿಲ್ಲ. ಇಳಿಬಿಸಿಲು ಅವಳ ಮುಖದ ಮೇಲೆ ನೇರ ಬೀಳುತ್ತಿತ್ತು, ಅವಳು ಕಣ್ಣು ಕಿರಿದು ಮಾಡಲೂ ಇಲ್ಲ. ವೈಜಯಂತಿ ತಾನು ಯಾರೆಂದು ಹೇಳಿದಳು, ಹನ್ನೊಂದು ಯೂನಿಟ್ಟಿನ ಕತೆ ಹೇಳಿದಳು, ಮೊಹರು ಒತ್ತಿದ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದಳು. ದಾರಿಯುದ್ದಕ್ಕೂ ಈ ಗಳಿಗೆಯನ್ನು ಅವಳು ಕಂಡಿದ್ದಳು: ಹುಡುಗಿ ಓದುತ್ತಾಳೆ, ಅಳುತ್ತಾಳೆ, ತನ್ನ ಎದೆಯ ಮೇಲಿನ ಕಲ್ಲು ಇಳಿಯುತ್ತದೆ. ಪ್ರೀತಿ ಓದಿದಳು. ಓದಿ, ಮಡಚಿ, ವಾಪಸು ಕೊಟ್ಟಳು.

"ಮೀಟರ್ ಓದೂಕೆ ನಂಗೂ ಬರ್ತದೆ," ಎಂದಳು. "ಬಿಲ್ಲು ಬಂದ ದಿನವೇ ಹಿತ್ತಲಿಗೆ ಹೋಗಿ ನೋಡ್ದೆ. ಇನ್ನೂರ ಹದಿನಾಲ್ಕೇ ಇತ್ತು."

ಗಂಗೂ ಬಾಯಿಗೆ ಸೆರಗು ಒತ್ತಿಕೊಂಡಳು. "ಮತ್ತೆ ಎಂತಕೆ ಹೇಳ್ಲಿಲ್ಲ ಮಗಾ?"

"ಹೊತ್ಸಿಲ್ಲ ಅಂತ ಹೇಳಿದ್ದೆ ಅಲ್ಲ. ಮೂರು ಸಲ ಹೇಳ್ದೆ. ನಾಲ್ಕು ವರ್ಷ ನಿನ್ನ ಮನೇಲಿ ಇದ್ದವಳ ಬಾಯಿಗಿಂತ ಆ ಗಾಜಿನ ಡಬ್ಬಿ ಹೆಚ್ಚು ಅಂತಾದ್ರೆ, ಅದರ ಸಾಕ್ಷಿ ತಕಂಡು ನಾ ಎಂತ ಮಾಡೂದು? ಅಂವ ನಿಂಗೆ ಮಗ. ನಂಗೆ ಏನೂ ಅಲ್ಲಾಗಿತ್ತಾ?"

ವೈಜಯಂತಿಯ ಕೈಯಲ್ಲಿ ಹಾಳೆ ಹಾಗೇ ಉಳಿದಿತ್ತು. ಬೆಳಿಗ್ಗೆಯಿಂದ ತಾನು ಪಟ್ಟ ಪಾಡೆಲ್ಲ, ಆಡಿದ ಮಾತೆಲ್ಲ ಈ ಹುಡುಗಿಗೆ ಬೇಕಾಗಿಯೇ ಇರಲಿಲ್ಲ ಎಂಬುದು ಅವಳಿಗೆ ತಿಳಿಯುತ್ತ ಬಂತು. ಅವಮಾನವಾಗಬೇಕಿತ್ತು, ಆದದ್ದು ಗೌರವ. ಪ್ರೀತಿ ಸೊಪ್ಪಿನ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ ಎದ್ದು ನಿಂತಳು.

"ಈಗ ಕೇಳು ಆಯಿ. ಕಾಗದ ನೋಡ್ಬ್ಯಾಡ. ನನ್ನ ಮುಖ ನೋಡಿ ಕೇಳು."

ಗಂಗೂ ಕತ್ತೆತ್ತಿದಳು. ಬಾಯಿಗೆ ಒತ್ತಿದ ಸೆರಗನ್ನು ಕೆಳಗಿಳಿಸಿದಳು.

"ಹೊತ್ಸಿದ್ಯಾ?"

"ಇಲ್ಲ."

"ಆಯ್ತು," ಎಂದಳು ಗಂಗೂ. ಮತ್ತೆ, ಮೊದಲಿಗಿಂತ ಸಣ್ಣಗೆ, "ಮನೆಗೆ ಬಾ."

"ಹೀಂಗೆ ಇಲ್ಲಿ ಮೆಟ್ಟಿಲ ಮೇಲೆ ಕರದ್ರೆ ನಾ ಬರೂದಿಲ್ಲ. ಅವತ್ತು ಯಾರ ಯಾರ ಮುಂದೆ ನನ್ನ ಪೆಟ್ಟಿಗೆ ಅಂಗಳಕ್ಕಿಟ್ಯೋ, ಅವ್ರನ್ನೆಲ್ಲ ಕರಿ. ನಾಡಿದ್ದು ಸಂಜೆ ಬರ್ತೆ. ಅವರ ಮುಂದೆ ಇದೇ ಕೇಳು. ನಾ ಇದೇ ಹೇಳ್ತೆ. ಆಮೇಲೆ ಇರೂದು ಬಿಡೂದು ನಂಗೆ ಬಿಟ್ಟದ್ದು."

ವೈಜಯಂತಿ ಹಾಳೆಯನ್ನು ಬ್ಯಾಗಿಗೆ ಹಾಕಿದಳು. "ನಾನೂ ಬರ್ಲಾ?" ಎಂದು ಕೇಳಿದಳು, ತನಗೆ ಆ ಹಕ್ಕು ಇದೆಯೋ ಇಲ್ಲವೋ ಎಂದು ತಿಳಿಯದೆ.

ಪ್ರೀತಿ ಮೊದಲ ಸಲ ಅವಳನ್ನು ನೆಟ್ಟಗೆ ನೋಡಿದಳು.

"ಬರ್ಲಾ ಅಂತ ಕೇಳೂದೆಂತದು? ಬರ್ಲೇಬೇಕು ಅಕ್ಕೋರೆ. ಹನ್ನೊಂದು ಹಾಕಿದ ಕೈ ನಿಮ್ದು."